ಮಂಜನ ಚೆಕ್‌ರೋಲ್ ಪ್ರಕರಣ

ಪುಕ್ಕಟೆ ಸಿಕ್ಕಿದ್ದನ್ನು ಮಾರಬಹುದಾ? ಇದು ಮಂಜನ ಪ್ರಶ್ನೆ. ಪುಕ್ಕಟೆ ಸಿಗೋದನ್ನು ನನಗೆ ಆರು ಸಾವಿರಕ್ಕೆ ಮಾರಿದೆಯಾ? ಇದು ಗೌಡರ ಪ್ರಶ್ನೆ. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೋಟೆಲಿನಲ್ಲಿ ಈ ಎರಡು ಪ್ರಶ್ನೆಗಳೂ ಎದುರುಬದುರು ಕೂತಿದ್ದವು. ನಡುವೆ ಒಂದು ತಟ್ಟೆ ಬಜ್ಜಿ.

ವಿಷಯ ಇಷ್ಟು. ಮಂಜ ಕಂಪ್ಯೂಟರ್ ಅಂಗಡಿ ಇಟ್ಟವನು. ಇಂಟರ್ನೆಟ್ಟಿನಲ್ಲಿ ಹಾಜರಿ ಹಾಕುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದು ಸಿಕ್ಕಿತು. ಅದನ್ನು ತಿದ್ದಿ, ಕನ್ನಡ ಹಾಕಿ, ಕಾಫಿ ತೋಟದ ಚೆಕ್‌ರೋಲ್ ಮಾಡಿದ. ಯಾವ ಆಳು ಎಷ್ಟು ದಿನ ಬಂದ, ಕೊಯ್ಲಿನಲ್ಲಿ ಎಷ್ಟು ಕೆ.ಜಿ. ಹಣ್ಣು ಬಿಡಿಸಿದ, ಅಡ್ವಾನ್ಸ್ ಎಷ್ಟು ಮುರಿದುಕೊಳ್ಳಬೇಕು, ಬಟವಾಡೆ ದಿನ ಕೈಗೆ ಎಷ್ಟು, ಎಲ್ಲ ಒಂದೇ ಪುಟದಲ್ಲಿ. ಆಲ್ದೂರು ಕಡೆಯ ನಾಲ್ಕಾರು ಜನ ಪ್ಲಾಂಟರ್‌ಗಳು ಕೊಂಡರು. ಗೌಡರೂ ಕೊಂಡರು. ಗೌಡರ ತೋಟದ ರೈಟರಿಗೆ ಮಾತ್ರ ಇದು ಒಂಚೂರೂ ಹಿಡಿಸಲಿಲ್ಲ. ಅದಕ್ಕೆ ಕಾರಣ ಬೇರೆ, ಇಲ್ಲಿ ಬೇಡ.

ತಕರಾರು ತಂದಿದ್ದು ಗೌಡರ ಅಳಿಯ. ಬೆಂಗಳೂರಿಂದ ಬಂದವನು ಸುಮ್ನೆ ಇರಲಾರದೆ ಸಾಫ್ಟ್‌ವೇರಿನ ‘ಅಬೌಟ್’ ಒತ್ತಿ ನೋಡಿದ. "ಮಾವ, ಇದು ಜಿಪಿಎಲ್ ಅನ್ನೋ ಲೈಸೆನ್ಸಿನದ್ದು. ಸೋರ್ಸ್ ಕೋಡ್ ಕೇಳಿ" ಎಂದು ಹೇಳಿ ಬಸ್ಸು ಹತ್ತಿದ. ಮಂಜನಿಗೆ ಆ ಪುಟ ಇರುವುದೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಳಿಸಿ ಅಲ್ಲಿ ಮಂಜುನಾಥಸ್ವಾಮಿಯ ಫೋಟೋ ಹಾಕುತ್ತಿದ್ದ. ಆಗ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು.

ನಮ್ಮ ಲಾಯರು ಜಿಪಿಎಲ್ ಮೂರನೇ ಆವೃತ್ತಿಯನ್ನು ಪೂರ್ತಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. 2007ರದ್ದು. ಐದು ಸಾವಿರ ಪದಕ್ಕೂ ಜಾಸ್ತಿ.

"ಇದನ್ನು ಬರೆದವರ ಮೇಲೆ ನನಗೆ ಅನುಮಾನ" ಎಂದರು. "ಕಲಮುಗಳು ಸೊನ್ನೆಯಿಂದ ಶುರುವಾಗುತ್ತವೆ. ಸೊನ್ನೆಯಿಂದ ಹದಿನೇಳು."

"ಪ್ರೋಗ್ರಾಮರ್‌ಗಳು ಸೊನ್ನೆಯಿಂದಲೇ ಎಣಿಸೋದು ಲಾಯ್ರೆ" ಎಂದಳು ಶಶಿ. ಅವಳು ಬೆಂಗಳೂರಿನ ಕೆಲಸವನ್ನು ಇಲ್ಲಿ ಮನೆಯಿಂದಲೇ ಮಾಡುವವಳು.

"ಅದೆಲ್ಲ ಇರಲಿ. ಇಂಟರ್ನೆಟ್ಟಲ್ಲಿ ಬಿದ್ದಿತ್ತು, ತಗೊಂಡೆ. ಅದರಲ್ಲಿ ತಪ್ಪೇನು?" ಎಂದ ಮಂಜ.

"ಬಿದ್ದಿತ್ತು ಅಂದರೆ ನಿನ್ನದಾಗಲ್ಲ ಕಣೋ" ಎಂದರು ಲಾಯರು. "ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಸಾಹಿತ್ಯ ಕೃತಿ. ಬರೆದವನ ಅನುಮತಿ ಇಲ್ಲದೆ ನಕಲು ಮಾಡಿ ಮಾರುವ ಹಾಗಿಲ್ಲ."

"ಸಾಹಿತ್ಯ ಕೃತಿನಾ?" ಗೌಡರು ಮಂಜನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಇವನು ಸಾಹಿತಿ!"

"ಲೈಸೆನ್ಸೇ ಹಾಕದೆ ಬಿಟ್ಟಿದ್ದರೆ ಮಂಜ ಅದನ್ನ ತಿದ್ದಿ ಹಂಚೋ ಹಾಗೇ ಇರಲಿಲ್ಲ" ಎಂದಳು ಶಶಿ. "ಲೈಸೆನ್ಸ್ ಇರೋದರಿಂದಲೇ ಇವನಿಗೆ ದಾರಿ ಇರೋದು."

ಈ ಮಾತು ನನಗೆ ಹಿಡಿಸಿತು. ನಾವೆಲ್ಲ ಲೈಸೆನ್ಸ್ ಎಂದರೆ ಪಾರ್ಕಿನ ಬೋರ್ಡು ಎಂದುಕೊಂಡಿದ್ದೇವೆ: ಅದು ಮುಟ್ಟಬೇಡಿ, ಇದು ಕೀಳಬೇಡಿ. ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ಮುಕ್ಕಾಲು ಭಾಗ ಕೊಡುವ ಮಾತೇ. ಬಳಸು, ಬಿಚ್ಚಿ ನೋಡು, ತಿದ್ದು, ಹಂಚು. ಷರತ್ತುಗಳು ಆಮೇಲೆ ಬರುತ್ತವೆ. ನಾವು ಷರತ್ತನ್ನು ಮೊದಲು ಓದಿ ಹೆದರುತ್ತೇವೆ, ಇಲ್ಲಾ ಓದದೆ ಅಂಗಡಿ ತೆರೆಯುತ್ತೇವೆ.

"ನಾನು ಮೊದಲನೇ ದಿನ ‘ಐ ಅಗ್ರೀ’ ಒತ್ತಿಬಿಟ್ಟಿದ್ದೀನಲ್ಲಮ್ಮಾ" ಎಂದರು ಗೌಡರು. ದನಿಯಲ್ಲಿ ಸ್ವಲ್ಪ ಗಾಬರಿ ಇತ್ತು.

"ಏನೂ ಆಗಲ್ಲ. ಬರೀ ಬಳಸೋರು ಇದನ್ನ ಒಪ್ಪಲೇಬೇಕು ಅಂತಿಲ್ಲ. ಒಂಬತ್ತನೇ ಕಲಮು ನೋಡಿ. ತಿದ್ದೋರು, ಬೇರೆಯವರಿಗೆ ಕೊಡೋರು, ಅವರಿಗೇ ಇದು ಅಂಟಿಕೊಳ್ಳೋದು."

ಗೌಡರು ನೆಮ್ಮದಿಯಿಂದ ಬಜ್ಜಿಗೆ ಕೈ ಹಾಕಿದರು. ಮಂಜ ತಟ್ಟೆಯಿಂದ ಕೈ ತೆಗೆದ.

"ಸರಿ, ದುಡ್ಡು ತಗೊಂಡಿದ್ದು ತಪ್ಪಾ?"

"ಇಲ್ಲ. ಆರು ಸಾವಿರವಲ್ಲ, ಅರವತ್ತು ಸಾವಿರಕ್ಕೆ ಮಾರು. ಜಿಪಿಎಲ್ ಬೆಲೆಯ ಗೊಡವೆಗೇ ಹೋಗಲ್ಲ."

ಮಂಜನ ಮುಖ ಅರಳಿತು. ಗೌಡರದು ಬಾಡಿತು. ಅವರು ಇಷ್ಟು ಹೊತ್ತು ಕಾದಿದ್ದು ಆರು ಸಾವಿರ ವಾಪಸ್ ಬರುತ್ತದೆ ಎಂದು.

"ಆದರೆ ಸೋರ್ಸ್ ಕೇಳಿದರೆ ಕೊಡಬೇಕು" ಎಂದಳು ಶಶಿ.

"ಆ ಸೋರ್ಸ್ ಅಂದರೆ ಏನು ಹೇಳಿ ಮೊದಲು. ಅಳಿಯ ಹೇಳಿ ಹೋದ, ನಾನು ಕೇಳ್ತಿದೀನಿ ಅಷ್ಟೆ."

"ಮನುಷ್ಯರು ಬರೆಯೋದು, ಓದೋದು ಸೋರ್ಸ್. ಅದನ್ನ ಕಂಪೈಲ್ ಮಾಡಿದರೆ ಮೆಷಿನ್ನಿಗೆ ಬೇಕಾದ ಫೈಲ್ ಬರುತ್ತೆ. ಮಂಜ ಪೆನ್‌ಡ್ರೈವಲ್ಲಿ ಕೊಟ್ಟಿದ್ದು ಅದು. ಓಡಿಸಬಹುದು, ತಿದ್ದೋಕೆ ಆಗಲ್ಲ."

ಗೌಡರು ಸ್ವಲ್ಪ ಹೊತ್ತು ಲೋಟದ ತಳ ನೋಡಿದರು. "ಹುರಿದ ಬೀಜ" ಎಂದರು.

ಎಲ್ಲರೂ ಅವರ ಕಡೆ ತಿರುಗಿದೆವು.

"ಅರಬ್ಬರು ಏನು ಮಾಡುತ್ತಿದ್ದರು? ಕಾಫಿ ಬೀಜ ದೇಶ ಬಿಟ್ಟು ಹೋಗಬೇಕಾದರೆ ಹುರಿದೋ ಬೇಯಿಸಿಯೋ ಕೊಡುತ್ತಿದ್ದರಂತೆ. ಕುಡೀರಿ, ಬೆಳೀಬೇಡಿ ಅಂತ. ಬಾಬಾ ಬುಡನ್ ಯೆಮನ್ನಿಂದ ಏಳು ಹಸಿ ಬೀಜ ಬಚ್ಚಿಟ್ಟು ತಂದು ನಮ್ಮ ಚಂದ್ರದ್ರೋಣದಲ್ಲಿ ಹಾಕಿದರು ಅಂತಾರೆ. ಈ ಮಂಜ ನನಗೆ ಹುರಿದ ಬೀಜ ಕೊಟ್ಟಿದಾನೆ. ನನ್ನ ಅಳಿಯ ಹಸಿ ಬೀಜ ಕೇಳು ಅಂತಿದಾನೆ. ಸರೀನಾ?"

ಶಶಿ ಕೈ ಮುಗಿದಳು. "ಗೌಡ್ರೆ, ನಾನು ಆಫೀಸಿನಲ್ಲಿ ಹೊಸಬರಿಗೆ ಇದನ್ನ ಹೇಳೋಕೆ ಅರ್ಧ ದಿನ ತಗೊಳ್ತೀನಿ."

"ಆ ಬೀಜ ತಂದಿದ್ದು ಶುದ್ಧ ಲೈಸೆನ್ಸ್ ಉಲ್ಲಂಘನೆ" ಎಂದರು ಲಾಯರು.

"ಆ ಉಲ್ಲಂಘನೆಯಿಂದಲೇ ಜಿಲ್ಲೆಯೆಲ್ಲ ಅನ್ನ ತಿಂತಿರೋದು. ಸುಮ್ನಿರಿ."

"ಜಿಪಿಎಲ್ ಹೇಳೋದು ಇಷ್ಟೇ" ಎಂದಳು ಶಶಿ. "ಪುಡಿ ಮಾರು, ಎಷ್ಟಕ್ಕಾದರೂ ಮಾರು. ಕೊಂಡವರಿಗೆ ಹಸಿ ಬೀಜವೂ ಸಿಗಬೇಕು. ಅವರು ಬೆಳೆದು ಮಾರಿದರೆ ಅಡ್ಡ ಬರಬೇಡ. ಅವರೂ ಅದೇ ಷರತ್ತಿನ ಮೇಲೆ ಮಾರಲಿ."

"ಅಂದರೆ ಗೌಡ್ರು ನಾಳೆ ಇದನ್ನೇ ವಸ್ತಾರೆಯವರಿಗೆ ಮೂರು ಸಾವಿರಕ್ಕೆ ಮಾರಬಹುದಾ?"

"ಮಾರಬಹುದು."

"ಪುಕ್ಕಟೆ ಕೊಡಬಹುದಾ?"

"ಕೊಡಬಹುದು."

"ಪುಕ್ಕಟೆ ಯಾಕೆ ಕೊಡಲಿ?" ಎಂದರು ಗೌಡರು.

ಮಂಜ ಸೋಲೊಪ್ಪಲಿಲ್ಲ. "ಕನ್ನಡ ಹಾಕಿದ್ದು ನಾನು. ಕೆ.ಜಿ. ಲೆಕ್ಕ ಬರೆದಿದ್ದು ನಾನು. ಅದನ್ನೂ ಕೊಡಬೇಕಾ?" ಕೊಡಬೇಕು. ಅದರೊಳಗೆ ಬೆರೆಸಿದ ಮೇಲೆ ಅದೂ ಅದೇ ಲೈಸೆನ್ಸಿಗೆ ಸೇರಿತು. ಇದು ತಿದ್ದಿದ ಪ್ರತಿ ಎಂದು ತಾರೀಖು ಹಾಕಿ ಹೇಳಬೇಕು, ಮೊದಲು ಬರೆದವರ ಕಾಪಿರೈಟ್ ಸಾಲು ಹಾಗೇ ಇರಬೇಕು, ಜೊತೆಗೆ ಲೈಸೆನ್ಸಿನ ಪ್ರತಿಯನ್ನೂ ಕೊಡಬೇಕು. ಹಾಗಂತ ಊರಿಗೆಲ್ಲ ಡಂಗುರ ಹೊಡೆಸಬೇಕಾಗಿಲ್ಲ. ತನ್ನ ಅಂಗಡಿಯೊಳಗೇ ಬಳಸಿಕೊಂಡಿದ್ದರೆ ಯಾರಿಗೂ ಏನೂ ಕೊಡಬೇಕಿರಲಿಲ್ಲ. ಕೈ ದಾಟಿತು ನೋಡಿ, ಅಲ್ಲಿಂದ ಷರತ್ತು ಶುರು.

ಗೌಡರಿಗೆ ಇದ್ದಕ್ಕಿದ್ದಂತೆ ಬೇರೆ ಹೆದರಿಕೆ ಹುಟ್ಟಿತು. "ಹಾಗಾದರೆ ನನ್ನ ಬಟವಾಡೆ ಲೆಕ್ಕವೂ ಓಪನ್ನಾ? ಪಕ್ಕದ ತೋಟದವನು ನಾನು ಎಷ್ಟು ಕೂಲಿ ಕೊಡ್ತೀನಿ ಅಂತ ನೋಡಬಹುದಾ?"

"ಇಲ್ಲ ಗೌಡ್ರೆ, ಲೈಸೆನ್ಸ್ ಸಾಫ್ಟ್‌ವೇರಿಗೆ. ನಿಮ್ಮ ಲೆಕ್ಕ ನಿಮ್ಮದು."

ಮಂಜ ಮಾತ್ರ, "ಕೊಡದಿದ್ದರೆ ಯಾರು ಬಂದು ಹಿಡೀತಾರೆ, ಚಿಕ್ಕಮಗಳೂರಿಗೆ?" ಎಂದ. ಅದಕ್ಕೆ ಶಶಿ ಲಿಂಕ್‌ಸಿಸ್ ಕಥೆ ಹೇಳಿದಳು. 2003ರ ಸುಮಾರಿಗೆ ಆ ಕಂಪನಿಯ ನೀಲಿ ವೈಫೈ ರೌಟರ್ ಭಾರಿ ಮಾರಾಟವಾಗುತ್ತಿತ್ತು. ಒಳಗೆ ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಇದೆ ಎನ್ನುವುದನ್ನು ಹವ್ಯಾಸಿಗಳು ಪತ್ತೆ ಹಚ್ಚಿದರು. ಲಿನಕ್ಸ್ ಜಿಪಿಎಲ್ ಎರಡನೇ ಆವೃತ್ತಿಯದ್ದು, 1991ರದ್ದು. ಸೋರ್ಸ್ ಎಲ್ಲಿ ಎಂದು ಗಲಾಟೆ ಎದ್ದಿತು, ಕಂಪನಿ ಕೊಡಬೇಕಾಯಿತು. ಆ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹುಟ್ಟಿ, ಈಗ ನೂರಾರು ಬಗೆಯ ರೌಟರ್‌ಗಳಲ್ಲಿ ಓಡುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಲಿಂಕ್‌ಸಿಸ್ ಕೊಂಡಿದ್ದ ಸಿಸ್ಕೋ ಮೇಲೆ 2008ರಲ್ಲಿ, ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕೇಸ್ ಹಾಕಿತು, ಮರುವರ್ಷ ರಾಜಿಯಾಯಿತು.

ಮಂಜ ನೀರು ಕುಡಿದ.

"ಹೆದರಬೇಡ" ಎಂದರು ಲಾಯರು. ಅವರಿಗೆ ಕಕ್ಷಿದಾರನ ಮುಖ ಕಂಡರೆ ಕಾಗದದಲ್ಲಿ ಏನಾದರೂ ಸಿಗುತ್ತದೆ. "ಎಂಟನೇ ಕಲಮು. ಮೊದಲನೇ ಸಲ ತಪ್ಪಿದವನು, ನೋಟಿಸ್ ಬಂದ 30 ದಿನದೊಳಗೆ ಸರಿ ಮಾಡಿಕೊಂಡರೆ ಹಕ್ಕು ವಾಪಸ್ ಬರುತ್ತೆ. ನಿನಗೆ ಇನ್ನೂ ನೋಟಿಸೇ ಬಂದಿಲ್ಲ."

ಎಲ್ಲ ಲೈಸೆನ್ಸೂ ಹೀಗೆ ಉದ್ದ ಅಲ್ಲ. ಎಂಐಟಿ ಲೈಸೆನ್ಸ್ ಅರ್ಧ ಪುಟವೂ ಇಲ್ಲ: ಏನು ಬೇಕಾದರೂ ಮಾಡಿ, ಕಾಪಿರೈಟ್ ಸಾಲು ಮತ್ತು ಈ ಕಾಗದ ಜೊತೆಗಿರಲಿ, ಅಷ್ಟೆ. ಅಪಾಚೆ ಅದಕ್ಕಿಂತ ಉದ್ದ, ಪೇಟೆಂಟಿನ ಮಾತೂ ಇದೆ. ಇವೆರಡೂ ಸೋರ್ಸ್ ಕೊಡು ಎಂದು ಕಾಡುವುದಿಲ್ಲ. ಪೌಲ್-ಹೆನ್ನಿಂಗ್ ಕಾಂಪ್ ಎಂಬ ಪ್ರೋಗ್ರಾಮರದ್ದು ಬಿಯರ್‌ವೇರ್. ಈ ಸಾಲುಗಳನ್ನು ಉಳಿಸಿಕೊಂಡು ಏನು ಬೇಕಾದರೂ ಮಾಡಿ, ಕೋಡ್ ಇಷ್ಟವಾಗಿ, ಎಂದಾದರೂ ಎದುರು ಸಿಕ್ಕರೆ ನನಗೊಂದು ಬಿಯರ್ ಕೊಡಿಸಬಹುದು, ಇಷ್ಟೇ ಲೈಸೆನ್ಸು. ನಮ್ಮ ಮೇಜಿನಲ್ಲಿ ಇದಕ್ಕೆ ಸರ್ವಾನುಮತ ಸಿಕ್ಕಿತು.

ಇನ್ನೊಬ್ಬ ಪ್ರೋಗ್ರಾಮರ್ ಡಗ್ಲಾಸ್ ಕ್ರಾಕ್‌ಫರ್ಡ್. ಎಂಐಟಿ ಲೈಸೆನ್ಸಿಗೆ ಒಂದು ಸಾಲು ಸೇರಿಸಿದರು: ಇದನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ. ಕೇಳೋಕೆ ಚೆನ್ನಾಗಿದೆ, ಅಲ್ವಾ? ದೊಡ್ಡ ಕಂಪನಿಯೊಂದರ ವಕೀಲರು, ನಮ್ಮ ಗಿರಾಕಿಗಳು ಕೆಟ್ಟದ್ದು ಮಾಡುವುದಿಲ್ಲ ಎಂದು ನಾವು ಹೇಗೆ ಗ್ಯಾರಂಟಿ ಕೊಡೋದು ಎಂದು ಅವರನ್ನೇ ಕೇಳಿದರಂತೆ. ಕೊನೆಗೆ ಇವರು, ನೀವೂ ನಿಮ್ಮ ಗಿರಾಕಿಗಳೂ ಕೆಟ್ಟದ್ದನ್ನು ಧಾರಾಳವಾಗಿ ಮಾಡಬಹುದು ಎಂದು ಅನುಮತಿ ಬರೆದು ಕೊಟ್ಟರಂತೆ. ಇದನ್ನು ಕೇಳಿ ನಮ್ಮ ಲಾಯರು ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಅನುಮತಿ ಕೇಳಿದ ವಕೀಲರ ಬಗ್ಗೆ ಅವರಿಗೆ ತುಂಬ ಗೌರವ.

"ಒಂದು ಮಾತು" ಎಂದರು ಗೌಡರು. "ಫೆಬ್ರವರಿಯಲ್ಲಿ ಒಬ್ಬ ಆಳಿಗೆ 31 ದಿನದ ಹಾಜರಿ ತೋರಿಸಿತಲ್ಲ, ಅದಕ್ಕೆ ಯಾರು ಜವಾಬ್ದಾರಿ?"

ಲಾಯರು ಕಾಗದ ತಿರುಗಿಸಿದರು. ಹದಿನೈದು, ಹದಿನಾರನೇ ಕಲಮುಗಳ ಮುಖ್ಯ ಭಾಗವೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆ, ಕಿರುಚಿದ ಹಾಗೆ: ವಾರಂಟಿ ಇಲ್ಲ, ನಷ್ಟಕ್ಕೆ ನಾವಲ್ಲ. ಕನ್ನಡದಲ್ಲಿ ಬರೆದಿದ್ದರೆ ಕಿರುಚಲು ದೊಡ್ಡಕ್ಷರವೇ ಇರುತ್ತಿರಲಿಲ್ಲ.

"ಮೊದಲು ಬರೆದವರನ್ನು ಹಿಡಿಯೋಕಾಗಲ್ಲ. ಆದರೆ ಮಂಜ, ದುಡ್ಡು ತಗೊಂಡು ವಾರಂಟಿ ಕೊಡೋಕೆ ಲೈಸೆನ್ಸಿನ ಅಡ್ಡಿಯಿಲ್ಲ. ನೀನು ಗೌಡರಿಗೆ ಬಾಯಲ್ಲಿ ಏನು ಹೇಳಿದ್ದೆ?"

"ಒಂದು ವರ್ಷ ಫ್ರೀ ಸರ್ವಿಸ್" ಎಂದರು ಗೌಡರು, ಮಂಜ ಬಾಯಿ ಬಿಡುವ ಮೊದಲೇ.

ಮಂಜ ಬೇರೆ ದಾರಿ ಹುಡುಕಿದ. ಇನ್ನು ಮೇಲೆ ಯಾರಿಗೂ ಪ್ರತಿಯನ್ನೇ ಕೊಡುವುದಿಲ್ಲ, ಸರ್ವರಿನಲ್ಲಿಟ್ಟು ತಿಂಗಳ ಬಾಡಿಗೆ ವಸೂಲಿ ಮಾಡುತ್ತೇನೆ, ಆಗ ಕೈ ದಾಟಿದ ಹಾಗಾಗಲ್ಲವಲ್ಲ, ಎಂದ. ಹುಡುಗ ದಡ್ಡನಲ್ಲ. ಜಿಪಿಎಲ್‌ನಲ್ಲಿ ಈ ಸಂದು ನಿಜವಾಗಿಯೂ ಇದೆ. ಅದನ್ನು ಮುಚ್ಚೋಕೆ ಅಂತಲೇ ಎಜಿಪಿಎಲ್ ಅನ್ನೋ ಇನ್ನೊಂದು ಲೈಸೆನ್ಸ್ ಇರೋದು, ಅದರ ಮೂರನೇ ಆವೃತ್ತಿಯೂ 2007ರದ್ದೇ. ತಿದ್ದಿದ್ದನ್ನು ನೆಟ್‌ವರ್ಕಿನ ಮೂಲಕ ಬಳಸಲು ಕೊಟ್ಟರೂ ಆ ಬಳಸುವವರಿಗೆ ಸೋರ್ಸ್ ಸಿಗಬೇಕು. ಮಂಜನ ಅದೃಷ್ಟಕ್ಕೆ ಅವನದ್ದು ಬರೀ ಜಿಪಿಎಲ್. ಸರ್ವರ್ ಹಾಕಬಹುದು. ಈಗಾಗಲೇ ಕೊಟ್ಟ ಪ್ರತಿಗಳಿಗೆ ಮಾತ್ರ ಸೋರ್ಸ್ ಕೊಡಲೇಬೇಕು.

"ಸರಿ, ಕೊಡ್ತೀನಿ ಬಿಡಿ. ಆದರೆ ಮಳೆ ಲೆಕ್ಕದ್ದು ಒಂದು ಮಾಡಿದೀನಲ್ಲ, ದಿನಾ ಎಷ್ಟು ಇಂಚು ಅಂತ ಬರೆದಿಡೋದು. ಅದನ್ನ ಮೊದಲ ಸಾಲಿಂದ ನಾನೇ ಬರೆದಿದ್ದು. ಅದಕ್ಕೆ ನನ್ನಿಷ್ಟದ ಲೈಸೆನ್ಸ್ ಹಾಕಬಹುದು ತಾನೇ?"

"ಧಾರಾಳವಾಗಿ."

"ಬರ್ಕೊಳ್ಳಿ ಲಾಯ್ರೆ. ಇದು ಓಪನ್ ಸೋರ್ಸ್. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ನನ್ನ ಅಂಗಡಿಯಲ್ಲಿ ಬಾಕಿ ಇಟ್ಟುಕೊಂಡಿರುವವರನ್ನು ಬಿಟ್ಟು."

ಯಾರೂ ಗೌಡರ ಕಡೆ ನೋಡಲಿಲ್ಲ.

"ಹಾಕಿಕೋ, ಆದರೆ ಅದನ್ನ ಓಪನ್ ಸೋರ್ಸ್ ಅಂತ ಯಾರೂ ಒಪ್ಪಲ್ಲ" ಎಂದಳು ಶಶಿ. "ಓಪನ್ ಸೋರ್ಸ್ ಇನಿಷಿಯೇಟಿವ್ ಅಂತ 1998ರಿಂದ ಇದೆ. ಯಾವುದನ್ನ ಓಪನ್ ಸೋರ್ಸ್ ಅನ್ನಬೇಕು ಅಂತ ಅವರದ್ದು ಹತ್ತು ಅಂಶ. ಐದನೇದು, ಯಾವ ವ್ಯಕ್ತಿಯನ್ನೂ ಯಾವ ಗುಂಪನ್ನೂ ಹೊರಗಿಡೋ ಹಾಗಿಲ್ಲ."

"ಬಾಕಿ ಇಟ್ಟವರನ್ನೂ?"

"ಬಾಕಿ ಇಟ್ಟವರನ್ನೂ."

ಗೌಡರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. "ಏನಮ್ಮಾ, ಆ ಐದನೇದು ಚೆನ್ನಾಗಿದೆ. ಅದೊಂದನ್ನ ಕನ್ನಡದಲ್ಲಿ ಪ್ರಿಂಟ್ ತೆಗೆದುಕೊಡು. ಇವನ ಅಂಗಡಿಯಲ್ಲೇ ತೆಗಿ, ನನ್ನ ಲೆಕ್ಕಕ್ಕೆ ಬರೆಸು."