ಎರಡು ವರ್ಷದ ಸೊಂಟನೋವು: ಟ್ರಮಡಾಲ್ ಹೆಚ್ಚಿಸಬೇಕೇ, ಇಳಿಸಬೇಕೇ?

ಪ್ರಶ್ನೆ (ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ):
ಗದ್ದೆಯಲ್ಲಿ ನಾಟಿ ಮಾಡುವ, ಐವತ್ತು ದಾಟಿದ ಮಹಿಳೆಯೊಬ್ಬರು ಎರಡು ವರ್ಷಗಳಿಂದ ಸೊಂಟನೋವಿನಿಂದ ಬಳಲುತ್ತಿದ್ದಾರೆ. ದಿನಕ್ಕೆ 50 ಮಿಲಿಗ್ರಾಂನ ಮೂರು ಟ್ರಮಡಾಲ್ (ಓಪಿಯಾಯ್ಡ್, ಅಂದರೆ ಅಫೀಮಿನ ಗುಂಪಿನ ನೋವುನಿವಾರಕ) ಮಾತ್ರೆ, ಜೊತೆಗೆ ಬೇರೆ ಕಡೆ ಬರೆದುಕೊಟ್ಟ ಪ್ರೆಗಾಬಾಲಿನ್ (ನರನೋವಿನ ಔಷಧ) ನುಂಗಿದರೂ ನೋವು ಹತ್ತಕ್ಕೆ ಎಂಟು ಎನ್ನುತ್ತಾರೆ. ಎಂಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಆದರೆ ಶಸ್ತ್ರಚಿಕಿತ್ಸೆ ಬೇಡವೆಂದು ಮೂಳೆತಜ್ಞರು ಹೇಳಿದ್ದಾರೆ. ಮುಂದೇನು ಮಾಡಬೇಕು?

ಉತ್ತರ 1 (ನೋವು ಚಿಕಿತ್ಸಾ ತಜ್ಞೆ):
ಜ್ವರ, ತೂಕ ಇಳಿಕೆ, ರಾತ್ರಿ ಹೆಚ್ಚುವ ನೋವು, ಕಾಲಿನ ಬಲಹೀನತೆ, ಮೂತ್ರದ ತೊಂದರೆ ಇವೆಯೇ ಎಂದು ಮೊದಲು ಮತ್ತೊಮ್ಮೆ ಕೇಳಿ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಈ ಲಕ್ಷಣಗಳು ಇಲ್ಲವಾದರೆ ಎಂಆರ್‌ಐ ವರದಿಗೆ ಅತಿಯಾದ ಮಹತ್ವ ಬೇಡ, ಏಕೆಂದರೆ ನೋವೇ ಇಲ್ಲದ ಐವತ್ತರ ಹರೆಯದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಹತ್ತಕ್ಕೆ ಎಷ್ಟು ಎಂಬ ಒಂದೇ ಅಂಕೆಯ ಬದಲು ಪಿಇಜಿ ಮಾಪನದ ಮೂರು ಪ್ರಶ್ನೆಗಳನ್ನು ಕೇಳಿ: ಕಳೆದ ವಾರದ ಸರಾಸರಿ ನೋವೆಷ್ಟು, ಅದು ಬದುಕಿನ ಖುಷಿಗೆ ಎಷ್ಟು ಅಡ್ಡಿಯಾಯಿತು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ನಿದ್ದೆಯನ್ನೂ ಮನಸ್ಸಿನ ಬೇಸರವನ್ನೂ ವಿಚಾರಿಸದೆ ಬಿಡಬೇಡಿ.

ಟ್ರಮಡಾಲ್ ಹೆಚ್ಚಿಸುವುದನ್ನು ನಾನು ಒಪ್ಪುವುದಿಲ್ಲ; ಅದನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿ. 2018ರಲ್ಲಿ ಪ್ರಕಟವಾದ ಸ್ಪೇಸ್ ಅಧ್ಯಯನದಲ್ಲಿ, ದೀರ್ಘಕಾಲದ ಬೆನ್ನುನೋವು ಮತ್ತು ಕೀಲುಸವೆತದ ನೋವಿಗೆ ಓಪಿಯಾಯ್ಡ್ ಪಡೆದವರು ಒಂದು ವರ್ಷದ ನಂತರ ಇತರ ಔಷಧ ಪಡೆದವರಿಗಿಂತ ಹೆಚ್ಚು ಕೆಲಸ ಮಾಡಬಲ್ಲವರಾಗಿರಲಿಲ್ಲ.

ಉತ್ತರ 2 (ಫಿಸಿಯೋಥೆರಪಿಸ್ಟ್):
ಇಂಥವರಿಗೆ "ಬಗ್ಗಬೇಡಿ, ಭಾರ ಎತ್ತಬೇಡಿ" ಎಂದು ಹೇಳಿ ಕಳಿಸುವುದೇ ದೊಡ್ಡ ತೊಂದರೆ. ಬಗ್ಗದೆ ನಾಟಿ ಮಾಡುವುದಾದರೂ ಹೇಗೆ? ನೋವು ಕಡಿಮೆಯಿದ್ದ ದಿನ ಇಡೀ ಮಡಿ ಮುಗಿಸಿ ಮರುದಿನ ಹಾಸಿಗೆ ಹಿಡಿಯುವ ಬದಲು, ಎರಡು ಸಾಲಿಗೊಮ್ಮೆ ಎದ್ದು ನಿಂತು ಸೊಂಟವನ್ನು ಹಿಂದಕ್ಕೆ ಬಾಗಿಸಿ, ವಾರದಿಂದ ವಾರಕ್ಕೆ ಸಾಲುಗಳನ್ನು ಹೆಚ್ಚಿಸುವಂತೆ ಹೇಳಿಕೊಡಿ.

ಪ್ರಶ್ನಿಸಿದವರು:
ಟ್ರಮಡಾಲ್ ನಿಲ್ಲಿಸುವವರೆಗೆ ರಾತ್ರಿ ಅಮಿಟ್ರಿಪ್ಟಿಲಿನ್ (ನೋವಿಗೂ ಬಳಸುವ ಖಿನ್ನತೆಯ ಔಷಧ) ಸೇರಿಸಬಹುದೇ?

ಉತ್ತರ 1ರ ತಜ್ಞೆ:
ಈಗಲೇ ಬೇಡ, ಎರಡೂ ಸೇರಿದರೆ ಸೆಳವು ಮತ್ತು (ಸೆರೊಟೋನಿನ್ ರಾಸಾಯನಿಕ ಅತಿಯಾಗಿ ನಡುಕ, ಗೊಂದಲ ತರುವ) ಸೆರೊಟೋನಿನ್ ಸಿಂಡ್ರೋಮ್‌ನ ಅಪಾಯ ಹೆಚ್ಚುತ್ತದೆ, ಅಂಥದೇ ಇನ್ನೊಂದು ಔಷಧವಾದ ಡುಲೋಕ್ಸೆಟಿನ್‌ಗೂ ಇದೇ ಮಾತು. ಒಂದು ವರ್ಷ ಮೀರಿ ಓಪಿಯಾಯ್ಡ್ ಸೇವಿಸಿದವರಿಗೆ ತಿಂಗಳಿಗೆ ಶೇ. 10 ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸುವುದು ಸಹಿಸಲು ಸುಲಭವೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮಾತ್ರೆಗಳಲ್ಲಿ ಆ ಲೆಕ್ಕ ಕೂಡಿಬರುವುದಿಲ್ಲವಾದ್ದರಿಂದ, ಸಾದಾ ಮಾತ್ರೆಯಾಗಿದ್ದರೆ (ನಿಧಾನವಾಗಿ ಕರಗುವ ಬಗೆಯದಲ್ಲದಿದ್ದರೆ) ದಿನಕ್ಕೆ ಅರ್ಧ ಮಾತ್ರೆ ಮಾತ್ರ ಕಡಿಮೆ ಮಾಡಿ ಐದಾರು ವಾರ ಅಲ್ಲಿಯೇ ನಿಲ್ಲಿ. ಪ್ರೆಗಾಬಾಲಿನ್ ಅನ್ನು ಅದೇ ಸಮಯದಲ್ಲಿ ಮುಟ್ಟಬೇಡಿ, ನಂತರ ಅದನ್ನೂ ಹಂತಹಂತವಾಗಿಯೇ ಇಳಿಸಿ. ಇನ್ನೊಂದು ಮಾತು: ಇಬ್ಬರು ವೈದ್ಯರು ಬೇರೆಬೇರೆಯಾಗಿ ಮಾತ್ರೆ ಬರೆಯುತ್ತಿದ್ದರೆ ಈ ಯಾವ ಲೆಕ್ಕವೂ ನಿಲ್ಲದು; ಆ ಇನ್ನೊಬ್ಬರಿಗೆ ಇಂದೇ ಫೋನ್ ಮಾಡಿ.