ಐದು ಎಪಿ ಬೇಕಾ? ಮನೆಮಂದಿ ಗ್ರೂಪ್‌ನಲ್ಲಿ ಚರ್ಚೆ

ರಘು (ಡಲ್ಲಾಸ್): ನಮ್ಮ ಮಗಳು ಸಿಂಚನಾಳ ಶಾಲೆಯ 11ನೇ ಕ್ಲಾಸಿನ ಕೋರ್ಸ್ ಪಟ್ಟಿ ಹಾಕಿದ್ದೇನೆ, ನೋಡಿ. ಶುಕ್ರವಾರದೊಳಗೆ ಆರಿಸಬೇಕು. ನಾನು ಐದು ಎಪಿ ಅಂತೇನೆ. ರೇಖಾ ಡ್ಯುಯಲ್ ಕ್ರೆಡಿಟ್ ಅಂತಾಳೆ.

ಶ್ರೀಧರ ಮಾವ (ಮೈಸೂರು): ಎಪಿ ಅಂದರೆ ನಮ್ಮ ಪಿಯುಸಿ ಥರಾನಾ?

ರಘು: ಅಲ್ಲ ಮಾವ. ಇಲ್ಲಿ ಪಿಸಿಎಂಬಿ ಥರ ಕಾಂಬಿನೇಷನ್ ಇಲ್ಲ, ಒಂದೊಂದು ವಿಷಯ ಬಿಡಿಬಿಡಿಯಾಗಿ ಆರಿಸಬೇಕು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ಪರೀಕ್ಷೆ ನಡೆಸುತ್ತದೆ. 1ರಿಂದ 5ರವರೆಗೆ ಅಂಕ.

ರೇಖಾ: ವರ್ಷವಿಡೀ ಓದಿದ್ದೆಲ್ಲ ಆ ಮೂರು ಗಂಟೆಯ ಪರೀಕ್ಷೆಯ ಮೇಲೆ ನಿಲ್ಲುತ್ತದೆ ಮಾವ. ಡ್ಯುಯಲ್ ಕ್ರೆಡಿಟ್‌ನಲ್ಲಿ ಹೈಸ್ಕೂಲಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಕೋರ್ಸನ್ನೇ ಓದುತ್ತಾರೆ. ಪಾಸಾದರೆ ಕಾಲೇಜಿನ ಕ್ರೆಡಿಟ್, ಅಂದರೆ ಡಿಗ್ರಿಗೆ ಲೆಕ್ಕವಾಗುವ ಅಂಶ, ಬಂತು. ಮುಂದೆ ಫೀಸೂ ಉಳಿಯುತ್ತದೆ.

ರಘು: ಅದು ಸುಲಭದ ದಾರಿ. ಯುಟಿ ಆಸ್ಟಿನ್ (ಟೆಕ್ಸಾಸ್‌ನ ದೊಡ್ಡ ಸರ್ಕಾರಿ ಯೂನಿವರ್ಸಿಟಿ) 2026ರಿಂದ ಕ್ಲಾಸಿನ ಮೊದಲ ಶೇ. 5ರೊಳಗೆ ಇದ್ದವರಿಗೆ ಮಾತ್ರ ನೇರ ಸೀಟು ಕೊಡುತ್ತದೆ. ಮೊದಲು ಶೇ. 6 ಇತ್ತು. ರ‍್ಯಾಂಕ್ ಬೇಕಾದರೆ ಎಪಿ ಬೇಕು.

ವಿನುತಕ್ಕ (ಹ್ಯೂಸ್ಟನ್): ಸುಲಭ ಅನ್ನಬೇಡ ರಘು. ನಾನು ಕಮ್ಯುನಿಟಿ ಕಾಲೇಜಲ್ಲೇ ಪಾಠ ಮಾಡುವವಳು. ಎಪಿಯಲ್ಲಿ 2 ಬಂದರೆ ಕಾಲೇಜಿಗೆ ಆ ಅಂಕ ಕಳಿಸದೆ ಇರಬಹುದು. ಡ್ಯುಯಲ್ ಕ್ರೆಡಿಟ್‌ನಲ್ಲಿ ಸಿ ಗ್ರೇಡ್ ಬಂದರೆ ಅದು ಕಾಲೇಜಿನ ದಾಖಲೆ. ಮೆಡಿಕಲ್‌ಗೆ ಅರ್ಜಿ ಹಾಕುವಾಗಲೂ ತೋರಿಸಲೇಬೇಕು. ಹದಿನಾರು ವರ್ಷದ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ತುಂಬಾ ಸಂಕಟವಾಗುತ್ತದೆ.

ರಘು: ಹಾಗಾದರೆ ನನ್ನ ಮಾತೇ ಸರಿ ಅಲ್ವಾ ಅಕ್ಕ? ಟೆಕ್ಸಾಸ್‌ನಲ್ಲಿ 2015ರ ಕಾನೂನು ಇದೆ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸಾಮಾನ್ಯವಾಗಿ ಎಪಿಯಲ್ಲಿ 3 ಬಂದರೆ ಕ್ರೆಡಿಟ್ ಸಿಗುತ್ತದೆ.

ವಿನುತಕ್ಕ: ಅದು ಸರ್ಕಾರಿಯಲ್ಲಿ. ಕ್ಯಾಲ್ಟೆಕ್ ಎಪಿಗೆ ಕ್ರೆಡಿಟ್ಟೇ ಕೊಡುವುದಿಲ್ಲ. ಎಪಿ ಕ್ಯಾಲ್ಕುಲಸ್ ಬಿಸಿ ಅನ್ನುವ ಪರೀಕ್ಷೆಯಲ್ಲಿ 5 ಬಂದರೆ ಎಂಐಟಿ ತನ್ನ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಕ್ರೆಡಿಟ್ ಕೊಡುತ್ತದೆ, ಕೆಮಿಸ್ಟ್ರಿಗೆ ಏನೂ ಇಲ್ಲ. ಮಗು ಎಲ್ಲಿಗೆ ಹೋಗಬಹುದು ಅಂತ ಮೊದಲು ಯೋಚಿಸು. ಎಷ್ಟು ಎಪಿ ಅನ್ನುವ ಲೆಕ್ಕ ಆಮೇಲೆ.

ಶ್ರೀಧರ ಮಾವ: ಅವಳಿಗೇನು ಇಷ್ಟ?

ರೇಖಾ: ಬಯಾಲಜಿ ಮಾವ. ಡಾಕ್ಟರ್ ಆಗಬೇಕಂತೆ.

ವಿನುತಕ್ಕ: ಹಾಗಾದರೆ ಎಪಿ ಬಯಾಲಜಿ ತೆಗೆದುಕೊಳ್ಳಲಿ, ಕ್ರೆಡಿಟ್ ಆಸೆಗಲ್ಲ. ಎಷ್ಟೋ ಮೆಡಿಕಲ್ ಸ್ಕೂಲ್‌ಗಳು ಸೈನ್ಸಿಗೆ ಎಪಿ ಕ್ರೆಡಿಟ್ ಒಪ್ಪುವುದಿಲ್ಲ. ಮತ್ತೆ ಕಾಲೇಜಲ್ಲಿ ಓದಬೇಕು, ಆಗ ಈ ತಳಪಾಯ ಕೈಹಿಡಿಯುತ್ತದೆ. ಕ್ಯಾಲ್ಕುಲಸ್ಸೂ ಎಪಿಯೇ ಇರಲಿ. ಇಂಗ್ಲಿಷ್, ಅಮೆರಿಕದ ಇತಿಹಾಸ ಡ್ಯುಯಲ್ ಕ್ರೆಡಿಟ್. ಅವು ಟೆಕ್ಸಾಸ್‌ನ 42 ಕ್ರೆಡಿಟ್‌ಗಳ ಕೋರ್‌ನಲ್ಲಿ, ಅಂದರೆ ಡಿಗ್ರಿಗೆ ಎಲ್ಲರೂ ಓದಬೇಕಾದ ವಿಷಯಗಳಲ್ಲಿ, ಬರುತ್ತವೆ. ಸರ್ಕಾರಿ ಕಾಲೇಜುಗಳು ಒಪ್ಪಬೇಕು. ಐದನೆಯದು ಬೇಡವೇ ಬೇಡ. ಮಗು ನಿದ್ದೆ ಮಾಡಲಿ.

ರಘು: ಇತಿಹಾಸಕ್ಕೂ ಎಪಿಯೇ ಇರಲಿ ಅಕ್ಕ. ರ‍್ಯಾಂಕ್ ಲೆಕ್ಕದಲ್ಲಿ ಡ್ಯುಯಲ್ ಕ್ರೆಡಿಟ್‌ಗೆ ಕಡಿಮೆ ತೂಕ ಕೊಟ್ಟರೆ?

ವಿನುತಕ್ಕ: ಅದು ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಒಂದೊಂದು ಥರ. ಸುಮ್ನೆ ಊಹೆ ಮಾಡಬೇಡ. ಶಾಲೆಯ ಕೌನ್ಸೆಲರ್‌ನ ಕೇಳು.

ರೇಖಾ: ಈಗಲೇ ಮೇಲ್ ಬರೆಯುತ್ತೇನೆ ಅಕ್ಕ. ಸಿ ಬಂದರೆ ಏನಾಗುತ್ತದೆ ಅನ್ನುವುದನ್ನು ಸಿಂಚನಾಗೆ ನೀವೇ ಫೋನ್ ಮಾಡಿ ಹೇಳುತ್ತೀರಾ? ನಾವು ಹೇಳಿದರೆ ಹೆದರಿಸುತ್ತಿದ್ದೇವೆ ಅಂದುಕೊಳ್ಳುತ್ತಾಳೆ.

ವಿನುತಕ್ಕ: ಸಂಜೆ ಏಳಕ್ಕೆ ಮಾಡುತ್ತೇನೆ. ಪಟ್ಟಿ ಅವಳ ಕೈಯಲ್ಲೇ ಇರಲಿ.