ಸಹಾಯ ಬೇಕು: ಸೆನ್ಸರ್ ಬೋರ್ಡ್‌ನ ಬ್ಯಾಟರಿ ಬೇಗ ಖಾಲಿ ಆಗ್ತಿದೆ

ಎಲ್ಲರಿಗೂ ಶರಣು. ಆಳಂದ ಹತ್ತಿರ ನಮ್ಮ ತೊಗರಿ ಹೊಲದಲ್ಲಿ ಮಣ್ಣಿನ ಹಸಿ ಅಳೆಯಲು ಸೆನ್ಸರ್ ಹಾಕಿದ್ದೇನೆ. ಎಟಿಮೆಗಾ328ಪಿ ಮೈಕ್ರೊಕಂಟ್ರೋಲರ್ ಚಿಪ್, ಒಂದು ಲಿಥಿಯಂ ಸೆಲ್, 3.3 ವೋಲ್ಟ್ ರೆಗ್ಯುಲೇಟರ್. ಗಂಟೆಗೊಮ್ಮೆ ಅಳೆದು ಸ್ಲೀಪ್‌ಗೆ ಹೋಗುತ್ತದೆ.

ಸ್ಲೀಪ್‌ಗೆ ಮೊದಲು ಎಡಿಇಎನ್ (ಎಡಿಸಿ ಆನ್-ಆಫ್ ಮಾಡುವ) ಬಿಟ್ ಸೊನ್ನೆ ಮಾಡಿ, ಚಿಪ್ ಒಳಗೆ ವೋಲ್ಟೇಜನ್ನು ಅಂಕಿಗೆ ಬದಲಿಸುವ ಎಡಿಸಿ ಆಫ್ ಮಾಡಿದೆ. ಸ್ವಲ್ಪ ಸುಧಾರಿಸಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಬ್ಯಾಟರಿ ವೋಲ್ಟೇಜ್ ನೋಡಲು ಬ್ಯಾಟರಿಗೆ ಸರಣಿಯಲ್ಲಿ (ಒಂದರ ಹಿಂದೆ ಒಂದು) ಹಾಕಿದ್ದ ತಲಾ 10 ಕಿಲೋಓಮ್‌ನ ಎರಡು ರೆಸಿಸ್ಟರ್. 4.2 ವೋಲ್ಟ್‌ನಲ್ಲಿ 210 ಮೈಕ್ರೊಆಂಪ್ ಹಗಲೂ ರಾತ್ರಿ ಸುಮ್ನೆ ಹರಿಯುತ್ತಿದೆ! ಎರಡೂ 1 ಮೆಗಾಓಮ್ ಹಾಕಿದರೆ 2.1ಕ್ಕೆ ಇಳಿಯುತ್ತದೆ, ಆದರೆ ರೀಡಿಂಗ್ ಸರಿ ಬರಲ್ಲ. ಈ ಎಡಿಸಿಗೆ ಸುಮಾರು 10 ಕಿಲೋಓಮ್ ಒಳಗಿನ ಸೋರ್ಸ್ ರೆಸಿಸ್ಟೆನ್ಸ್ (ಸಿಗ್ನಲ್ ಕೊಡುವ ಕಡೆಯ ರೆಸಿಸ್ಟೆನ್ಸ್) ಬೇಕು ಅಲ್ವಾ?

ಎಡಿಸಿ ಪಿನ್ ಹತ್ತಿರ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಕಾ? ಇಲ್ಲ ಅಳೆಯುವಾಗ ಮಾತ್ರ ರೆಸಿಸ್ಟರ್‌ಗಳಿಗೆ ಕರೆಂಟ್ ಬಿಡಲು ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಸ್ವಿಚ್ ಬೇಕೇ ಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಕಲಬುರಗಿಯಲ್ಲಿ ಯಾರ ಹತ್ತಿರವಾದರೂ ಮೈಕ್ರೊಆಂಪ್ ಸರಿಯಾಗಿ ತೋರಿಸುವ ಮೀಟರ್ ಇದ್ದರೆ ಬೋರ್ಡ್ ತಗೊಂಡು ಬರುತ್ತೇನೆ.